ಸಾರಿನ ಪಾತ್ರೆಯ ಮೇಲೆ ಕೂತ ಭಯ: ಅಮೆರಿಕದ ಕೊರಿಯನ್ನರು ಮತ್ತು ಹೆಪಟೈಟಿಸ್ ಬಿ

ಕೊರಿಯನ್ನರ ಊಟದ ಮೇಜಿನ ನಡುವೆ ಒಂದು ಪಾತ್ರೆ ಇರುತ್ತದೆ. ಅದರಲ್ಲಿ ಕುದಿಯುತ್ತಿರುವ ಜಿಗೇ, ಅಂದರೆ ಕಿಮ್ಚಿಯನ್ನೋ ಸೋಯಾ ಪೇಸ್ಟನ್ನೋ ಹಾಕಿ ಮಾಡಿದ ಗಟ್ಟಿ ಸಾರು. ಸುತ್ತ ಕೂತವರೆಲ್ಲ ತಮ್ಮ ತಮ್ಮ ಚಮಚವನ್ನು ಅದೇ ಪಾತ್ರೆಗೆ ಅದ್ದಿ ಉಣ್ಣುತ್ತಾರೆ. ಎಂಜಲಿನ ಲೆಕ್ಕಾಚಾರದಲ್ಲಿ ಬೆಳೆದ ನಮಗೆ ಇದು ಸ್ವಲ್ಪ ಕಸಿವಿಸಿ ಅನ್ನಿಸಬಹುದು. ಅಲ್ಲಿ ಅದೇ ಆತ್ಮೀಯತೆ. ಆಫೀಸಿನ ಪಾರ್ಟಿಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಹಿರಿಯರು ತಾವು ಕುಡಿದ ಸೋಜು, ಅಂದರೆ ಕೊರಿಯನ್ ಮದ್ಯದ ಗ್ಲಾಸನ್ನೇ ಖಾಲಿ ಮಾಡಿ, ಕಿರಿಯರ ಕೈಗಿಟ್ಟು, ತುಂಬಿಸುತ್ತಿದ್ದರು. ಬೇಡ ಅಂದರೆ ಅವರಿಗೆ ಅವಮಾನ.

ಈ ಪಾತ್ರೆಯನ್ನೂ ಈ ಗ್ಲಾಸನ್ನೂ ಬಿಟ್ಟು ಅಮೆರಿಕದಲ್ಲಿರುವ ಕೊರಿಯನ್ನರ ಹೆಪಟೈಟಿಸ್ ಬಿ ಕಥೆ ಅರ್ಥವಾಗುವುದಿಲ್ಲ. ತಮಾಷೆ ಏನೆಂದರೆ, ರೋಗ ಇವೆರಡರಿಂದಲೂ ಹರಡುವುದಿಲ್ಲ. ಹರಡುತ್ತದೆ ಎಂಬ ನಂಬಿಕೆ ಮಾತ್ರ ಚೆನ್ನಾಗಿ ಹರಡಿದೆ. ಜನ ಪರೀಕ್ಷೆಗೆ ಹೋಗದಿರುವುದಕ್ಕೆ, ಹೋದರೂ ಫಲಿತಾಂಶದ ಬಗ್ಗೆ ಬಾಯಿ ಬಿಡದಿರುವುದಕ್ಕೆ ಆ ನಂಬಿಕೆ ದೊಡ್ಡ ಕಾರಣ.

ಮೊದಲು ವೈರಸ್ಸಿನ ನಿಜವಾದ ದಾರಿ ನೋಡಿಬಿಡೋಣ. ಹೆಪಟೈಟಿಸ್ ಬಿ ರಕ್ತ ಮತ್ತು ದೇಹದ ದ್ರವಗಳ ಮೂಲಕ ಬರುವ, ಲಿವರ್‌ಗೆ ತಗುಲುವ ವೈರಸ್ ಕಾಯಿಲೆ. ಸೋಂಕಿರುವ ತಾಯಿಯಿಂದ ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಬರಬಹುದು. ಲೈಂಗಿಕ ಸಂಪರ್ಕದಿಂದ ಬರಬಹುದು. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೆ ಬರಬಹುದು. ರೇಜರ್, ಹಲ್ಲುಜ್ಜುವ ಬ್ರಷ್, ನೇಲ್ ಕಟರ್ ಹಂಚಿಕೊಂಡರೂ ಅಪಾಯವಿದೆ, ಏಕೆಂದರೆ ದೇಹದಿಂದ ಹೊರಬಿದ್ದ ಮೇಲೂ ಈ ವೈರಸ್ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಆದರೆ ಒಂದೇ ಪಾತ್ರೆಯಲ್ಲಿ ಉಂಡರೆ, ಗ್ಲಾಸ್ ಹಂಚಿಕೊಂಡರೆ, ಅಪ್ಪಿಕೊಂಡರೆ, ಪಕ್ಕದಲ್ಲಿ ಕೂತು ಕೆಮ್ಮಿದರೆ ಬರುವುದಿಲ್ಲ.

ಇದರಲ್ಲಿ ವಯಸ್ಸಿನದ್ದೇ ದೊಡ್ಡ ಆಟ. ಆರೋಗ್ಯವಾಗಿರುವ ದೊಡ್ಡವರಿಗೆ ಸೋಂಕು ತಗುಲಿದರೆ ನೂರರಲ್ಲಿ ಸುಮಾರು 95 ಜನರ ದೇಹ ಕೆಲವೇ ತಿಂಗಳಲ್ಲಿ ಅದನ್ನು ಗೆದ್ದುಬಿಡುತ್ತದೆ. ಹುಟ್ಟುವಾಗಲೇ ತಗುಲಿದರೆ ಲೆಕ್ಕ ತಲೆಕೆಳಗು. ಅಂಥ ನೂರು ಮಕ್ಕಳಲ್ಲಿ ಸುಮಾರು 90 ಮಕ್ಕಳಿಗೆ ಸೋಂಕು ಜೀವನಪೂರ್ತಿ ಉಳಿಯುತ್ತದೆ. ನೋವಿಲ್ಲ, ಜ್ವರವಿಲ್ಲ, ಕಣ್ಣು ಹಳದಿಯಾಗುವುದಿಲ್ಲ. ಮೂವತ್ತು ನಲವತ್ತು ವರ್ಷ ಹೀಗೇ ಕಳೆಯಬಹುದು. ಯಾರೂ ನಿಗಾ ಇಡದೆ ಬಿಟ್ಟರೆ, ಹೀಗೆ ಸೋಂಕು ಉಳಿದ ನೂರರಲ್ಲಿ 15ರಿಂದ 25 ಜನ ಕೊನೆಗೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಸಿರೋಸಿಸ್‌ನಿಂದಲೋ ಲಿವರ್ ಕ್ಯಾನ್ಸರ್‌ನಿಂದಲೋ ಸಾಯುತ್ತಾರೆ.

ಈಗ ಕೊರಿಯಾಕ್ಕೆ ಬರೋಣ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕೊರಿಯಾದ ಜನಸಂಖ್ಯೆಯಲ್ಲಿ ನೂರಕ್ಕೆ 8ರ ಆಸುಪಾಸಿನಲ್ಲಿ ಈ ಸೋಂಕು ಇತ್ತು. ತಾಯಿಯಿಂದ ಮಗುವಿಗೆ, ಆ ಮಗು ಬೆಳೆದು ತಾಯಿಯಾದಾಗ ಅದರ ಮಗುವಿಗೆ, ಹೀಗೇ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ವೈದ್ಯ ಕಿಮ್ ಜಂಗ್-ಯೋಂಗ್ ಅವರ ವರ್ಷಗಟ್ಟಲೆ ಕೆಲಸದ ಫಲವಾಗಿ 1983ರಲ್ಲಿ ಗ್ರೀನ್ ಕ್ರಾಸ್ ಕಂಪನಿಯ ದೇಶೀ ಲಸಿಕೆ ಮಾರುಕಟ್ಟೆಗೆ ಬಂತು. 1990ರ ದಶಕದಲ್ಲಿ ಎಲ್ಲ ಶಿಶುಗಳಿಗೂ ಲಸಿಕೆ ಹಾಕುವುದು ಶುರುವಾಯಿತು. 2002ರಿಂದ, ಸೋಂಕಿರುವ ತಾಯಂದಿರಿಗೆ ಹುಟ್ಟುವ ಮಕ್ಕಳಿಗೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ನನ್ನೂ ಸರ್ಕಾರವೇ ಕೊಡುತ್ತಿದೆ. ಇವತ್ತು ಅಲ್ಲಿನ ಹದಿಹರೆಯದವರಲ್ಲಿ ಹುಡುಕಿದರೆ ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ಸಾರ್ವಜನಿಕ ಆರೋಗ್ಯದಲ್ಲಿ ಇಂಥ ಗೆಲುವುಗಳು ಕಡಿಮೆ.

ಈ ಗೆಲುವಿನಿಂದ ತಪ್ಪಿಸಿಕೊಂಡವರು ವಲಸೆ ಹೋದವರು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿದ ಮೇಲೆ ಕೊರಿಯನ್ನರು ಸಾವಿರಗಟ್ಟಲೆ ಹೊರಟರು. 1987ರಲ್ಲಂತೂ ಒಂದೇ ವರ್ಷ ಸುಮಾರು 35 ಸಾವಿರ ಜನ ಹೋದರು. ಅದಕ್ಕಿಂತ ದೊಡ್ಡ ಸಂಖ್ಯೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಆ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಊರಿನಲ್ಲಿ ಮಕ್ಕಳಿಗೆಲ್ಲ ಲಸಿಕೆ ಬರುವ ಸ್ವಲ್ಪವೇ ಮೊದಲು, ಲಸಿಕೆ ಇಲ್ಲದೆ ಬೆಳೆದ ಒಂದು ಇಡೀ ತಲೆಮಾರು ವಿಮಾನ ಹತ್ತಿತು.

ಅವರು ಇನ್ನೊಂದನ್ನೂ ಹೊತ್ತೊಯ್ದರು: ಆ ಕಾಲದ ತಿಳಿವಳಿಕೆ. 1980ರ ದಶಕದ ಕೊರಿಯಾದಲ್ಲಿ ಹೆಪಟೈಟಿಸ್ ಅಂದರೆ ಗ್ಲಾಸ್ ಹಂಚಿಕೊಳ್ಳಬೇಡಿ, ಒಂದೇ ಪಾತ್ರೆಯಲ್ಲಿ ತಿನ್ನಬೇಡಿ ಎಂಬ ಪ್ರಚಾರವೇ ಜೋರಾಗಿತ್ತು. ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದು. ಆದರೆ ತಪ್ಪು ದಾರಿಗೆ ಬೇಲಿ ಹಾಕಿದ ಹಾಗಾಯಿತು. ಕೊರಿಯಾದಲ್ಲೇ ಉಳಿದವರಿಗೆ ಮುಂದೆ ವೈದ್ಯರು, ಟಿವಿ, ಶಾಲೆಗೆ ಹೋಗುವ ಮಕ್ಕಳು ತಿದ್ದಿ ಹೇಳಿದರು. ಲಾಸ್ ಏಂಜಲೀಸ್‌ನ ಕೊರಿಯಾಟೌನ್‌ನಲ್ಲೋ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲೋ ಅಂಗಡಿ ಇಟ್ಟುಕೊಂಡವರಿಗೆ ಅದನ್ನು ತಿದ್ದುವವರು ಯಾರಿದ್ದರು? ವಲಸೆ ಹೋದವರ ಮನೆಯಲ್ಲಿ ಊರು ಬಿಟ್ಟ ವರ್ಷದ ಭಾಷೆ, ಅಡುಗೆ, ಮದುವೆ ಪದ್ಧತಿ ಹಾಗೇ ಉಳಿದುಬಿಡುತ್ತದೆ ಅಂತೀವಲ್ಲ, ರೋಗದ ಬಗೆಗಿನ ನಂಬಿಕೆಯೂ ಹಾಗೇ ಉಳಿಯುತ್ತದೆ.

ಈ ಗೊಂದಲಕ್ಕೆ ಹೆಪಟೈಟಿಸ್ ಎ ಕೂಡ ಕೈ ಜೋಡಿಸಿದೆ. ಅದು ನಿಜವಾಗಿಯೂ ಆಹಾರ, ನೀರಿನಿಂದ ಹರಡುತ್ತದೆ. 2019ರಲ್ಲಿ ಕೊರಿಯಾದಲ್ಲಿ ಉಪ್ಪು ಹಾಕಿ ಹುದುಗಿಸಿದ ಚಿಪ್ಪುಮಾಂಸದಿಂದ ಸಾವಿರಾರು ಜನರಿಗೆ ಹೆಪಟೈಟಿಸ್ ಎ ಬಂದಿತ್ತು. ಎ ಯಾವುದು, ಬಿ ಯಾವುದು ಅಂತ ಬಿಡಿಸಿ ನೋಡದವರಿಗೆ ಎರಡೂ ಒಂದೇ. ನಮ್ಮಲ್ಲೂ ಎಲ್ಲವನ್ನೂ ಜಾಂಡೀಸ್ ಅಂತ ಒಂದೇ ಚೀಲಕ್ಕೆ ಹಾಕುತ್ತೇವೆ, ಅಲ್ವಾ?

ಇನ್ನು ಮನೆಯೊಳಗಿನ ಲೆಕ್ಕ ನೋಡಿ. ಒಬ್ಬ ಗಂಡಸಿಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ಊಟದಿಂದಲೇ ಹರಡುತ್ತದೆ ಎಂದು ನಂಬಿದ ಸಮುದಾಯದಲ್ಲಿ ಅವನಿಗೆ ಬೇರೆ ಬಟ್ಟಲು, ಬೇರೆ ಚಮಚ ಬರುತ್ತದೆ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಊಟ ಮಾಡುವಾಗ ಅವನು ಒಂದು ನೆಪ ಹೇಳಿ ಎದ್ದು ಹೋಗಬೇಕು. ಗೆಳೆಯ ಗ್ಲಾಸ್ ಚಾಚಿದರೆ ಕೈ ಹಿಂದೆಗೆಯಬೇಕು. ಇದು ಅವನೊಬ್ಬನ ತಲೆನೋವೂ ಅಲ್ಲ. ತಾಯಿಗೆ ಬೇಸರ, ಹೆಂಡತಿಯ ತವರಿನಲ್ಲಿ ಗುಸುಗುಸು, ಮಗಳ ಮದುವೆಗೆ ಅಡ್ಡಿ. ಒಂದೇ ಮನೆಯಲ್ಲಿ ನಾಲ್ಕಾರು ಜನರಿಗೆ ಇರುವುದರಿಂದ ಇದು ವಂಶದ ರೋಗ ಎಂದು ನಂಬಿದವರೂ ಬಹಳ. ಹುಟ್ಟುವಾಗ ತಗುಲಿದ ಸೋಂಕಿಗೂ ವಂಶಪಾರಂಪರ್ಯವಾಗಿ ಇಳಿದು ಬರುವ ಕಾಯಿಲೆಗೂ ಇರುವ ವ್ಯತ್ಯಾಸವನ್ನು ಯಾರೂ ಅವರಿಗೆ ಕೂರಿಸಿ ಹೇಳಿಲ್ಲ. ಒಂದನ್ನು ಲಸಿಕೆಯಿಂದ ನಿಲ್ಲಿಸಬಹುದು, ಇನ್ನೊಂದನ್ನು ಆಗುವುದಿಲ್ಲ.

ಹಾಗಿರುವಾಗ ಪರೀಕ್ಷೆ ಮಾಡಿಸದೇ ಇರುವುದು ದಡ್ಡತನ ಅಂತ ನನಗೆ ಅನ್ನಿಸುವುದಿಲ್ಲ. ತಮಗೆ ಗೊತ್ತಿರುವಷ್ಟರಲ್ಲಿ ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಗೊತ್ತಾದರೆ ಕಳೆದುಕೊಳ್ಳುವುದು ಜಾಸ್ತಿ, ಸಿಗುವುದು ಏನೂ ಕಾಣುವುದಿಲ್ಲ. ಕೆಲಸ, ಓದು ಕೂಡ ಕೈತಪ್ಪಬಹುದು ಎಂಬ ಭಯಕ್ಕೆ ಆಧಾರವೂ ಇಲ್ಲದಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಹೆಪಟೈಟಿಸ್ ಬಿ ಇದೆ ಎಂಬ ಕಾರಣಕ್ಕೆ ವೈದ್ಯಕೀಯ ಸೀಟು ತಡೆಹಿಡಿಯಲಾಗಿತ್ತು. ಅದು ತಾರತಮ್ಯ ಎಂದು ಅಲ್ಲಿನ ನ್ಯಾಯಾಂಗ ಇಲಾಖೆ ಹಿಡಿದು, 2013ರಲ್ಲಿ ಒಪ್ಪಂದ ಮಾಡಿಸಿ ಅವರಿಗೆ ಸೀಟು ಕೊಡಿಸಿತು.

ಎರಡನೆಯ ಗಟ್ಟಿ ನಂಬಿಕೆ: ಲಿವರ್ ಕೆಡುವುದು ಕುಡಿತದಿಂದ. ಕುಡಿತ ಲಿವರನ್ನು ಕೆಡಿಸುವುದು ನಿಜವೇ. ಆದರೆ ಕೊರಿಯಾದಲ್ಲಿ ಲಿವರ್ ಕ್ಯಾನ್ಸರ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೂಲ ಕಾರಣ ಹೆಪಟೈಟಿಸ್ ಬಿ. ಕುಡಿತವೇ ಕಾರಣ ಎಂದು ನಂಬಿದ ಚರ್ಚಿನ ಹೆಂಗಸು ಏನಂದುಕೊಳ್ಳುತ್ತಾರೆ? ನಾನು ಒಂದು ಹನಿಯೂ ಮುಟ್ಟಿಲ್ಲ, ನನಗೇಕೆ ಪರೀಕ್ಷೆ? ಕುಡಿಯುವ ಗಂಡಸಿನ ಯೋಚನೆ ಬೇರೆ: ಪರೀಕ್ಷೆಗೆ ಹೋದರೆ ವೈದ್ಯರು ಮೊದಲು ಹೇಳುವುದೇ ಕುಡಿಯಬೇಡ ಅಂತ, ಸುಮ್ನೆ ಯಾಕೆ ಹೋಗಲಿ? ಇಬ್ಬರೂ ಮನೆಯಲ್ಲೇ ಉಳಿಯುತ್ತಾರೆ.

ಲಿವರ್ ಬಗ್ಗೆ ಕೊರಿಯನ್ನರಿಗೆ ಅಸಡ್ಡೆ ಅಂತ ಮಾತ್ರ ಹೇಳುವಂತಿಲ್ಲ. ನಮ್ಮ ಮಂಗ ಮತ್ತು ಮೊಸಳೆಯ ಕಥೆ ಬೌದ್ಧ ಕಥೆಗಳ ಜೊತೆ ಅಲ್ಲಿಗೆ ಹೋದಾಗ ಮಂಗ ಮೊಲವಾಯಿತು, ಹೃದಯ ಲಿವರ್ ಆಯಿತು. ಸಮುದ್ರದ ರಾಜನಿಗೆ ಕಾಯಿಲೆ, ಮೊಲದ ಲಿವರೇ ಮದ್ದು. ಆಮೆ ಮೊಲವನ್ನು ಪುಸಲಾಯಿಸಿ ಕರೆದೊಯ್ಯುತ್ತದೆ. ಮೊಲ, ಅಯ್ಯೋ ಲಿವರನ್ನು ಮನೆಯಲ್ಲೇ ಬಿಟ್ಟು ಬಂದೆನಲ್ಲಾ, ಅನ್ನುತ್ತದೆ. ಇವತ್ತಿಗೂ ಅಲ್ಲಿ ಸುಸ್ತಾದರೆ ಮೊದಲು ನೆನಪಾಗುವುದು ಲಿವರ್. 2011ರಲ್ಲಿ ಫುಟ್‌ಬಾಲ್ ಆಟಗಾರ ಛಾ ದು-ರಿ ಒಂದು ಮಾತ್ರೆಯ ಟಿವಿ ಜಾಹೀರಾತಿನಲ್ಲಿ, ಸುಸ್ತಿಗೆಲ್ಲ ಲಿವರೇ ಕಾರಣ ಅಂತ ಹಾಡಿದ್ದು ಇಡೀ ದೇಶದ ಬಾಯಲ್ಲಿತ್ತು.

ಇಷ್ಟು ಕಾಳಜಿ ಇದ್ದರೂ ಅದು ಹರಿಯುವುದು ಮದ್ದಿನ ಕಡೆಗೆ, ಪರೀಕ್ಷೆಯ ಕಡೆಗಲ್ಲ. ಹಾನ್‌ಯಾಕ್ ಎಂಬ ಗಿಡಮೂಲಿಕೆ ಕಷಾಯ, ಹೊತ್‌ಗೇ ಮರದ ಚಹಾ, ಪುಟ್ಟ ಸಿಹಿನೀರಿನ ಚಿಪ್ಪಿನ ಸೂಪ್, ಹೀಗೆ ಪಟ್ಟಿ ಉದ್ದ. ಚಹಾ, ಸೂಪಿನಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಏನು ಹಾಕಿದ್ದಾರೆ ಅಂತ ಗೊತ್ತಿಲ್ಲದ ಕಷಾಯ ಬೇರೆ ಮಾತು. ಔಷಧದಿಂದ ಲಿವರ್‌ಗೆ ಹಾನಿಯಾಗಿ ಕೊರಿಯಾದ ಆಸ್ಪತ್ರೆ ಸೇರುವವರಲ್ಲಿ ದೊಡ್ಡ ಪಾಲು ಗಿಡಮೂಲಿಕೆ ತೆಗೆದುಕೊಂಡವರದ್ದೇ. ಇನ್ನೂ ಅಪಾಯ ಎಂದರೆ ವೈರಸ್ಸನ್ನು ಅದುಮಿಡುವ ಎಂಟೆಕಾವಿರ್, ಟೆನೊಫೊವಿರ್‌ನಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿ ಕಷಾಯಕ್ಕೆ ಬದಲಾಯಿಸುವುದು. ಅದುಮಿಟ್ಟ ವೈರಸ್ ಒಮ್ಮೆಲೇ ಎದ್ದು ಲಿವರನ್ನು ಹಾಳು ಮಾಡಬಹುದು.

ಇಲ್ಲಿ ನಗುವುದಕ್ಕೆ ನಮಗೂ ಹಕ್ಕಿಲ್ಲ. ನಮ್ಮ ಹಿತ್ತಲಿನ ನೆಲನೆಲ್ಲಿ ಒಮ್ಮೆ ಜಗತ್ತಿನ ಗಮನ ಸೆಳೆದಿತ್ತು. ಈ ವೈರಸ್ಸಿನ ಜಾಡು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬಾರುಕ್ ಬ್ಲಂಬರ್ಗ್ ಅವರೂ ಮದರಾಸಿನ ವಿಜ್ಞಾನಿಗಳೂ ಅದರ ಮೇಲೆ ಕೆಲಸ ಮಾಡಿದರು. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಚಿಕ್ಕ ಅಧ್ಯಯನವೊಂದರಲ್ಲಿ, ನೆಲನೆಲ್ಲಿ ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಬೇರೆ ಬೇರೆ ಕಡೆ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಮೊದಲನೆಯ ಸುದ್ದಿ ಊರೆಲ್ಲ ಹಬ್ಬಿತು, ಎರಡನೆಯದು ಹಬ್ಬಲಿಲ್ಲ.

ನಂಬಿಕೆಗಳ ಮೇಲೇ ಎಲ್ಲ ಹೊರೆ ಹೊರಿಸಿದರೂ ತಪ್ಪಾಗುತ್ತದೆ. ಆರೋಗ್ಯ ವ್ಯವಸ್ಥೆಯ ಪಾಲು ಸಣ್ಣದಲ್ಲ. ಡ್ರೈ ಕ್ಲೀನಿಂಗ್, ದಿನಸಿ ಅಂಗಡಿ, ನೇಲ್ ಸಲೂನ್ ಇಂಥ ಸಣ್ಣ ವ್ಯಾಪಾರ ನಡೆಸುವವರು ಕೊರಿಯನ್ನರಲ್ಲಿ ಬಹಳ. ಅವರಿಗೆ ವಿಮೆ ಕೊಡುವ ಮಾಲೀಕರಿಲ್ಲ, ಅವರೇ ಮಾಲೀಕರು. 2010ರ ಆರೋಗ್ಯ ಕಾನೂನು ಬಂದು, 2014ರಲ್ಲಿ ವಿಮೆ ಸುಲಭವಾಗುವ ತನಕ ಅಮೆರಿಕದ ಏಷ್ಯನ್ನರ ಪೈಕಿ ವಿಮೆ ಇಲ್ಲದವರ ಸಾಲಿನಲ್ಲಿ ಕೊರಿಯನ್ನರು ತೀರಾ ಮುಂದಿದ್ದರು. ಒಂದು ದಿನ ಅಂಗಡಿ ಮುಚ್ಚಿದರೆ ಒಂದು ದಿನದ ಸಂಪಾದನೆ ಹೋಯಿತು.

ಕೊರಿಯಾದಲ್ಲಿ 1989ರಿಂದಲೇ ಎಲ್ಲರಿಗೂ ಆರೋಗ್ಯ ವಿಮೆ ಇದೆ. ಕಾಲಕಾಲಕ್ಕೆ ಸರ್ಕಾರವೇ ಚೆಕಪ್‌ಗೆ ಕರೆಯುತ್ತದೆ. ಅಲ್ಲಿ ಬೆಳೆದವರಿಗೆ, ಕಾಯಿಲೆ ಇದ್ದರೆ ಹೇಗೂ ಚೆಕಪ್‌ನಲ್ಲಿ ಗೊತ್ತಾಗುತ್ತದೆ ಎಂಬ ಭರವಸೆ. ಅಮೆರಿಕದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಾಗಲೂ ಅದೇ ಭರವಸೆ: ರಕ್ತ ತೆಗೆದರಲ್ಲ, ಎಲ್ಲ ನೋಡಿರುತ್ತಾರೆ. ಆದರೆ ಅಲ್ಲಿನ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ವೈದ್ಯರು ಬರೆಯದಿದ್ದರೆ ಹೆಪಟೈಟಿಸ್ ಬಿ ನೋಡುವುದಿಲ್ಲ. ದುಡ್ಡಿದ್ದವರು ಊರಿಗೆ ಹೋದಾಗ ಸೋಲ್‌ನ ದೊಡ್ಡ ಆಸ್ಪತ್ರೆಯಲ್ಲಿ ಒಂದೇ ದಿನ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮುಗಿಸಿ ಬರುತ್ತಾರೆ. ಅದರ ವರದಿ ಅಮೆರಿಕದ ವೈದ್ಯರ ಕೈ ಸೇರಿದರೆ ಪುಣ್ಯ.

ಇನ್ನು ಭಾಷೆ. ವಯಸ್ಸಾದವರು ಕೊರಿಯನ್ ಮಾತಾಡುವ ವೈದ್ಯರನ್ನೇ ಹುಡುಕುತ್ತಾರೆ. ಸಿಗದಿದ್ದರೆ ಮಗನೋ ಮಗಳೋ ಜೊತೆಗೆ ಹೋಗಿ ಇಂಗ್ಲಿಷ್‌ನಲ್ಲಿ ಹೇಳಬೇಕು. ಹೆಪಟೈಟಿಸ್ ಬಿ ಬಗ್ಗೆ ಮಾತಾಡುವಾಗ ಲೈಂಗಿಕ ಸಂಬಂಧದ ಪ್ರಶ್ನೆಯೂ ಬರುತ್ತದೆ. ಮಗಳ ಮುಂದೆ ಯಾವ ತಂದೆ ಬಾಯಿ ಬಿಡುತ್ತಾನೆ ಹೇಳಿ? ಕೊರಿಯನ್ ಮಾತಾಡುವ ವೈದ್ಯರು ಸಿಕ್ಕರೂ ಇನ್ನೊಂದು ತೊಡಕಿದೆ. ಅವರು ಹೇಳಿದರೆ ಜನ ಮಾಡುತ್ತಾರೆ. ವೈದ್ಯರ ಒಂದು ಮಾತಿನಷ್ಟು ಬೇರೆ ಯಾವುದೂ ಜನರನ್ನು ಪರೀಕ್ಷೆಗೆ ದೂಡುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅವರು ಹೇಳದಿದ್ದರೆ ರೋಗಿಯಾಗಿ ತಾನೇ ಕೇಳುವುದು ಉದ್ಧಟತನ ಅನ್ನಿಸುತ್ತದೆ. ವೈದ್ಯರು, ರೋಗಿ ಕೇಳಲಿಲ್ಲ ಅಂದುಕೊಳ್ಳುತ್ತಾರೆ. ರೋಗಿ, ವೈದ್ಯರು ಹೇಳಲಿಲ್ಲವಲ್ಲ ಅಂದುಕೊಳ್ಳುತ್ತಾನೆ.

ಹಾಗಾದರೆ ಇದನ್ನು ಒಡೆಯುವುದು ಹೇಗೆ? ಸಂಶೋಧಕರು ಚರ್ಚಿನ ಬಾಗಿಲು ತಟ್ಟಿದರು. ಪ್ಯೂ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ 2012ರ ಸಮೀಕ್ಷೆಯ ಪ್ರಕಾರ ಅಮೆರಿಕದ ಕೊರಿಯನ್ನರಲ್ಲಿ ನೂರಕ್ಕೆ 71 ಜನ ಕ್ರೈಸ್ತರು. ಅವರಿಗೆ ಚರ್ಚು ಪ್ರಾರ್ಥನೆಯ ಜಾಗ ಮಾತ್ರವಲ್ಲ. ಬಾಡಿಗೆ ಮನೆ, ಕೆಲಸ, ಸಂಬಂಧ, ಮಕ್ಕಳಿಗೆ ಕೊರಿಯನ್ ಪಾಠ, ಎಲ್ಲ ಸುಳಿವೂ ಅಲ್ಲೇ ಸಿಗುತ್ತದೆ.

ಲಾಸ್ ಏಂಜಲೀಸ್‌ನಲ್ಲಿ ಯುಸಿಎಲ್ಎ ವಿಶ್ವವಿದ್ಯಾಲಯದ ಸಂಶೋಧಕರು 52 ಕೊರಿಯನ್ ಚರ್ಚುಗಳಲ್ಲಿ, ಒಂದು ಸಾವಿರದ ನೂರಕ್ಕೂ ಹೆಚ್ಚು ಜನರೊಂದಿಗೆ ಒಂದು ಪ್ರಯೋಗ ಮಾಡಿದರು. ಅರ್ಧ ಚರ್ಚುಗಳಲ್ಲಿ ಜನರನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಕೊರಿಯನ್ ಭಾಷೆಯಲ್ಲೇ ಲಿವರ್ ಕ್ಯಾನ್ಸರ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯ ಬಗ್ಗೆ ಮಾತಾಡಿಸಿದರು. ಉಳಿದ ಚರ್ಚುಗಳಲ್ಲಿ ಹಾಗೆಯೇ ಕೂರಿಸಿ ಬೇರೆ ಆರೋಗ್ಯ ವಿಷಯ ಮಾತಾಡಿದರು. ಆರು ತಿಂಗಳ ನಂತರ ನೋಡಿದರೆ ಮೊದಲ ಗುಂಪಿನಲ್ಲಿ ನೂರಕ್ಕೆ 19 ಜನ ಪರೀಕ್ಷೆ ಮಾಡಿಸಿದ್ದರು, ಎರಡನೆಯದರಲ್ಲಿ 6.

ಮೂರು ಪಟ್ಟು ಅಂತ ಸಂಭ್ರಮಿಸಬಹುದು. ನನಗೆ ಕಾಣುವುದು ಉಳಿದ 81. ವಿಷಯ ಕೇಳಿಸಿಕೊಂಡು, ತಲೆಯಾಡಿಸಿ, ಮನೆಗೆ ಹೋದವರು. ತಿಳಿವಳಿಕೆ ಒಂದೇ ಸಾಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಎಲ್ಲಿಗೆ ಹೋಗಬೇಕು, ಎಷ್ಟು ದುಡ್ಡು, ಯಾವ ಭಾಷೆ, ಯಾವ ದಿನ ಎಂಬ ಪ್ರಶ್ನೆಗಳು ಹಾಗೇ ಉಳಿದಿದ್ದವು. ಫಿಲಡೆಲ್ಫಿಯಾ ಕಡೆ ಟೆಂಪಲ್ ವಿಶ್ವವಿದ್ಯಾಲಯದ ತಂಡ ಕೊರಿಯನ್ ಚರ್ಚುಗಳೊಂದಿಗೆ ಕೆಲಸ ಮಾಡಿದಾಗ ಈ ಪ್ರಶ್ನೆಗಳಿಗೂ ಉತ್ತರ ಇಟ್ಟುಕೊಂಡಿತ್ತು. ಪಾಠದ ಜೊತೆಗೆ ಪರೀಕ್ಷೆಯ ಏರ್ಪಾಡು, ಮುಂದಿನ ಹೆಜ್ಜೆಗೆ ಕೈ ಹಿಡಿದು ನಡೆಸುವ ಕೊರಿಯನ್ ಮಾತಾಡುವ ಜನ. ಅಂಥ ಕಡೆ ಪರೀಕ್ಷೆ ಮಾಡಿಸಿದವರ ಸಂಖ್ಯೆ ಬಹಳ ಮೇಲೇರಿತು.

ಚರ್ಚಿನಲ್ಲಿ ಇನ್ನೊಂದು ಗುಣ ಇದೆ. ಪಾದ್ರಿಯೂ ಅವರ ಹೆಂಡತಿಯೂ ಮೊದಲು ತೋಳು ಚಾಚಿ ರಕ್ತ ಕೊಟ್ಟರೆ ಸಾಲಿನಲ್ಲಿ ನಿಲ್ಲುವುದಕ್ಕೆ ಯಾರಿಗೂ ನಾಚಿಕೆ ಇರುವುದಿಲ್ಲ. ಎಲ್ಲರೂ ನಿಂತಿದ್ದಾರೆ ಅಂದರೆ ಯಾರ ಮೇಲೂ ಅನುಮಾನ ಇಲ್ಲ. ಅದೇ ಚರ್ಚು ಗಾಳಿಸುದ್ದಿಯ ಕೇಂದ್ರವೂ ಹೌದು ಅನ್ನುವುದನ್ನು ಮರೆಯುವಂತಿಲ್ಲ. ಫಲಿತಾಂಶ ಒಬ್ಬೊಬ್ಬರಿಗೇ ಗುಟ್ಟಾಗಿ ತಲುಪದಿದ್ದರೆ ಮುಂದಿನ ಸಲ ಆ ಸಾಲು ಖಾಲಿ.

ಬಹುಶಃ ಇದೇ ಕಾರಣಕ್ಕೆ, 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಾಡಿದ ಬದಲಾವಣೆ ನನಗೆ ತುಂಬಾ ಹಿಡಿಸಿತು. 2008ರಿಂದ ಅವರ ಸಲಹೆ ಏನಿತ್ತೆಂದರೆ, ಹೆಪಟೈಟಿಸ್ ಬಿ ಹೆಚ್ಚಿರುವ ದೇಶಗಳಲ್ಲಿ ಹುಟ್ಟಿದವರನ್ನು ಪರೀಕ್ಷಿಸಿ. ಕೊರಿಯಾ ಆ ಪಟ್ಟಿಯಲ್ಲಿತ್ತು, ಭಾರತವೂ ಇತ್ತು. ವೈಜ್ಞಾನಿಕವಾಗಿ ಸರಿಯೇ, ಆದರೆ ಕೇಳಿಸಿಕೊಳ್ಳುವವರಿಗೆ ನೀವು ಅಂಥ ಜನ ಅಂದ ಹಾಗೆ. ಈಗ 18 ವರ್ಷ ದಾಟಿದ ಎಲ್ಲರೂ ಜೀವನದಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು ಎನ್ನುತ್ತಾರೆ. ಎಲ್ಲಿ ಹುಟ್ಟಿದಿರಿ, ಯಾರ ಜೊತೆ ಮಲಗಿದಿರಿ ಎಂದು ಕೇಳಬೇಕಾಗಿಲ್ಲ. ಒಂದೇ ಸಲ ತೆಗೆದ ರಕ್ತದಲ್ಲಿ ಮೂರು ಸಂಗತಿ ನೋಡುತ್ತಾರೆ: ಈಗ ಸೋಂಕು ಇದೆಯೇ, ಹಿಂದೆ ಎಂದಾದರೂ ತಗುಲಿತ್ತೇ, ರಕ್ಷಣೆ ಇದೆಯೇ.

ಡಲ್ಲಾಸ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಇರುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ದೇಶದ ಎಲ್ಲ ಕಡೆ ಸೇರಿದ್ದು 2011ರ ಹೊತ್ತಿಗೆ. ಈಗ ಸಾಫ್ಟ್‌ವೇರ್ ಕೆಲಸದಲ್ಲಿರುವವರಲ್ಲಿ ಬಹುತೇಕರು ಅದಕ್ಕೆ ಮೊದಲೇ ಹುಟ್ಟಿದವರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಿಗೆ ಈ ಸೋಂಕು ಇತ್ತು.

ಪರೀಕ್ಷೆಯ ನಂತರದ ದಾರಿಯಲ್ಲೇ ಕೊರಿಯನ್ ಸಮುದಾಯ ಈಗಲೂ ಎಡವುತ್ತಿದೆ. ಸೋಂಕಿದ್ದೂ ಲಿವರ್ ಚೆನ್ನಾಗಿರುವವರನ್ನು ಆರೋಗ್ಯವಂತ ವಾಹಕರು ಅಂತ ಕೊರಿಯಾದ ವೈದ್ಯರು ಹಿಂದೆ ಕರೆಯುತ್ತಿದ್ದರು. ಎಷ್ಟೋ ಜನ ಆ ಮಾತಿನ ಮೊದಲ ಅರ್ಧವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡರು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ ನಿಜ. ಆದರೆ ರಕ್ತದಲ್ಲಿ ವೈರಸ್ ಎಷ್ಟಿದೆ, ಲಿವರ್ ಹೇಗಿದೆ ಅಂತ ನೋಡುತ್ತಲೇ ಇರಬೇಕು. ಕ್ಯಾನ್ಸರ್ ಅಪಾಯ ಹೆಚ್ಚಿರುವವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ನೋವೇ ಇಲ್ಲದ ರೋಗಕ್ಕೆ ವರ್ಷಕ್ಕೆರಡು ಸಲ ಅಂಗಡಿ ಮುಚ್ಚಿ ಹೋಗುವುದು ಹೇಳುವಷ್ಟು ಸುಲಭವಲ್ಲ.

ಮನೆಯವರ ಪರೀಕ್ಷೆಯೂ ಆಗಬೇಕು: ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು. ಅಣ್ಣನಿಗೆ ಫೋನ್ ಮಾಡಿ ನೀನೂ ರಕ್ತ ಕೊಡು ಅನ್ನಬೇಕಾದರೆ ಅಮ್ಮನ ವಿಷಯ ಬರುತ್ತದೆ. ಎಷ್ಟೋ ಮನೆಗಳಲ್ಲಿ ಮಾತು ನಿಲ್ಲುವುದೇ ಅಲ್ಲಿ. ಸೋಂಕು ಇಲ್ಲ, ರಕ್ಷಣೆಯೂ ಇಲ್ಲ ಎಂದು ಬಂದವರಿಗೆ ಮಾತ್ರ ದಾರಿ ಸರಳ. ಹಳೆಯ ಲಸಿಕೆಗೆ ಆರು ತಿಂಗಳಲ್ಲಿ ಮೂರು ಡೋಸ್ ಬೇಕು, ಮೂರನೆಯದನ್ನು ಮರೆಯುವವರೇ ಜಾಸ್ತಿ. 2018ರಿಂದ ಅಮೆರಿಕದಲ್ಲಿ ದೊಡ್ಡವರಿಗೆ ಒಂದು ತಿಂಗಳ ಅಂತರದಲ್ಲಿ ಎರಡೇ ಡೋಸ್ ಹಾಕುವ ಲಸಿಕೆಯೂ ಸಿಗುತ್ತಿದೆ.